ಓಪನ್ ಸೋರ್ಸ್ ಪ್ರಪೋಸಲ್‌ಗೆ ಮೆಂಟರ್ ಅಭಿಪ್ರಾಯ ಪಡೆಯುವುದು ಹೇಗೆ: ಕ್ರಿಯೇಟಿವ್ ಕೋಡಿಂಗ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳು ಗೂಗಲ್ ಸಮ್ಮರ್ ಆಫ್ ಕೋಡ್‌ಗೆ (ಮೆಂಟರ್ ಎಂಬ ಮಾರ್ಗದರ್ಶಕರ ನೆರವಿನಿಂದ ಓಪನ್ ಸೋರ್ಸ್ ಸಂಸ್ಥೆಗೆ ಕೋಡ್ ಬರೆಯುವ ಗೂಗಲ್‌ನ ಕಾರ್ಯಕ್ರಮ) ಪ್ರಪೋಸಲ್, ಅಂದರೆ ಕೆಲಸದ ಯೋಜನೆ, ಬರೆಯುವಾಗ ಮತ್ತೆ ಮತ್ತೆ ಎಡವುವುದು ಒಂದೇ ಕಡೆ. ಹನ್ನೆರಡು ಪುಟ ಬರೆದು ಮುಗಿಸಿ, ಕೊನೆಯ ವಾರದಲ್ಲಿ "ಸರ್, ದಯವಿಟ್ಟು ನನ್ನ ಪ್ರಪೋಸಲ್ ನೋಡಿ" ಎಂದು ಲಿಂಕ್ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಬಂದರೂ "ಚೆನ್ನಾಗಿದೆ, ಸಲ್ಲಿಸಿ" ಎಂಬ ಒಂದು ಸಾಲು. ಅದನ್ನೇ ಪಿಡಿಎಫ್ ಮಾಡಿ ಹಾಕುತ್ತಾರೆ, ಆಯ್ಕೆಯಾಗುವುದಿಲ್ಲ. ಇಂಗ್ಲಿಷ್ ಸರಿ ಇರಲಿಲ್ಲ ಎಂದು ಬಹಳ ಜನ ತಿಳಿಯುತ್ತಾರೆ. ಇಂಗ್ಲಿಷ್ ಅಡ್ಡಿಯಾಗುವುದು ಕಡಿಮೆ. ಅಡ್ಡಿಯಾಗುವುದು ಕೆಲಸದ ಕ್ರಮ: ಯಾವುದನ್ನು ಮೊದಲು ತೋರಿಸಬೇಕು, ಏನನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬುದು.

ಇಲ್ಲಿ ಉದಾಹರಣೆಗಳು ಕೋಡಿನಿಂದ ಚಿತ್ರ, ಅನಿಮೇಷನ್ ಮಾಡುವ ಟೂಲ್‌ಗಳಾದ ಪಿ5.ಜೆಎಸ್ ಮತ್ತು ಪ್ರೊಸೆಸಿಂಗ್ ಸುತ್ತ ಇವೆ. ಓಪನ್‌ಫ್ರೇಮ್‌ವರ್ಕ್ಸ್, ಎಂಎಲ್5.ಜೆಎಸ್‌ನಂಥ ಬೇರೆ ಪ್ರಾಜೆಕ್ಟ್‌ಗಳಿಗೂ ಕ್ರಮ ಇದೇ.

## ಬೇಕಾಗುವ ಸಾಮಾನು

- ಗಿಟ್‌ಹಬ್ (ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ) ಖಾತೆ ಮತ್ತು ಕಂಪ್ಯೂಟರ್‌ನಲ್ಲಿ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ).
- ಪಿ5.ಜೆಎಸ್‌ಗೆ ನೋಡ್.ಜೆಎಸ್, ಪ್ರೊಸೆಸಿಂಗ್ 4ಕ್ಕೆ ಜಾವಾ ಜೆಡಿಕೆ 17, ಓಪನ್‌ಫ್ರೇಮ್‌ವರ್ಕ್ಸ್‌ಗೆ ಸಿ ಪ್ಲಸ್ ಪ್ಲಸ್ ಕಂಪೈಲರ್. ಪಿ5 ವೆಬ್ ಎಡಿಟರ್‌ನ ಕೋಡಿನ ಮೇಲೆ ಕೆಲಸ ಮಾಡುವವರಿಗೆ ಮೊಂಗೋಡಿಬಿಯೂ ಬೇಕು. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದ್ದರೆ ಮೂಲ ಪಿ5.ಜೆಎಸ್ ರೆಪೋ (ಪ್ರಾಜೆಕ್ಟಿನ ಕೋಡ್ ಇರುವ ಸಂಗ್ರಹ) ಆರಿಸಿಕೊಳ್ಳುವುದು ಒಳ್ಳೆಯದು.
- ಪಿ5 ವೆಬ್ ಎಡಿಟರ್‌ನಲ್ಲಿ ಒಂದು ಖಾತೆ. ಮಾದರಿ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೆಂಟರ್ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.
- ಕರಡಿಗೆ ಗೂಗಲ್ ಡಾಕ್ಸ್. ಆಫ್‌ಲೈನ್ ಬಳಕೆ ಆನ್ ಮಾಡಿಟ್ಟುಕೊಳ್ಳಿ. ಮಾರ್ಚ್ ಬಿಸಿಲಿಗೆ ಕರೆಂಟ್ ಹೋದರೆ ವೈಫೈ ಸಹ ಹೋಗುತ್ತದೆ.
- ಬಂದ ಅಭಿಪ್ರಾಯಗಳನ್ನು ಬರೆದಿಡಲು ಒಂದು ಶೀಟ್.

ನೆಟ್ ನಿಧಾನ ಇರುವ ಕಡೆ ರೆಪೋ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಡಿ. ಇತ್ತೀಚಿನ ಪ್ರತಿಯಷ್ಟೇ ಇಳಿಯುತ್ತದೆ. ಯಾವ ಸಾಲನ್ನು ಯಾರು, ಯಾಕೆ ಬದಲಿಸಿದರು ಎಂದು ಹುಡುಕುವ ಹೊತ್ತಿಗೆ ಅನ್‌ಶ್ಯಾಲೋ ಎಂದು ಕೊಟ್ಟು ಉಳಿದ ಇತಿಹಾಸ ತರಿಸಿಕೊಳ್ಳಬಹುದು.

## ಹಂತ 1: ನಿಮ್ಮ ಐಡಿಯಾ ಸ್ಕೆಚ್ಚೋ, ಟೂಲ್‌ನ ಕೆಲಸವೋ?

ಹೆಚ್ಚಿನ ಪ್ರಪೋಸಲ್‌ಗಳು ಇಲ್ಲೇ ಬೀಳುತ್ತವೆ, ಬರೆದವರಿಗೆ ಅದು ಗೊತ್ತಾಗುವುದೂ ಇಲ್ಲ.

ಬೀದರಿನ ವಿದ್ಯಾರ್ಥಿಯೊಬ್ಬರು ಬಿದರಿ ಕುಸುರಿಯ ಬಳ್ಳಿ, ಹೂವು, ಅಂಚುಗಳನ್ನು ಕೋಡಿನಿಂದ ಬಿಡಿಸುವ ಯೋಜನೆ ಹಾಕಿಕೊಂಡರು ಎನ್ನಿ. ಕಪ್ಪು ಹಿನ್ನೆಲೆ, ಬೆಳ್ಳಿ ಗೆರೆ, ಮೌಸ್ ಆಡಿಸಿದಂತೆ ಬದಲಾಗುವ ವಿನ್ಯಾಸ. ನೋಡಲು ಸೊಗಸು. ಆದರೆ ಇದು ಪಿ5.ಜೆಎಸ್ ಬಳಸಿ ಮಾಡಿದ ಕಲಾಕೃತಿ. ಇದರಿಂದ ಪಿ5.ಜೆಎಸ್‌ನ ಕೋಡಿನಲ್ಲಿ ಒಂದು ಸಾಲೂ ಉತ್ತಮವಾಗುವುದಿಲ್ಲ. ಮೆಂಟರ್ ಕೇಳುವ ಮೊದಲ ಪ್ರಶ್ನೆಯೇ "ಇದು ಮುಗಿದ ಮೇಲೆ ನಮ್ಮ ಬಳಕೆದಾರರಿಗೆ ಏನು ಸಿಗುತ್ತದೆ?" ಎಂಬುದು.

ಅದೇ ಐಡಿಯಾವನ್ನು ತಿರುಗಿಸಬಹುದು. ಬಿದರಿ ವಿನ್ಯಾಸ ಬಿಡಿಸುವಾಗ ಒಂದೇ ಆಕಾರವನ್ನು ಸಾವಿರಾರು ಸಲ ಪುನರಾವರ್ತಿಸಬೇಕಾಗುತ್ತದೆ. ಆಗ ಎಲ್ಲಿ ನಿಧಾನವಾಯಿತು? ಎಸ್‌ವಿಜಿಯಾಗಿ (ಗೆರೆಗಳ ರೂಪದ ಚಿತ್ರ ಫೈಲು) ಹೊರತೆಗೆಯಲು ಹೋದಾಗ ಏನು ಕೈಕೊಟ್ಟಿತು? ಅದನ್ನು ಸರಿಪಡಿಸುವುದು ಟೂಲ್‌ನ ಕೆಲಸ. ಬಿದರಿ ಆಗ ಉದಾಹರಣೆಯಾಗಿ ಉಳಿಯುತ್ತದೆ, ಪ್ರಪೋಸಲ್‌ಗೆ ಜೀವವನ್ನೂ ತುಂಬುತ್ತದೆ.

ಪರೀಕ್ಷೆ ಇಷ್ಟೇ: ಪ್ರಪೋಸಲ್‌ನಿಂದ ನಿಮ್ಮ ಊರು, ನಿಮ್ಮ ಕಲೆಯ ಹೆಸರು ತೆಗೆದುಹಾಕಿ ಓದಿ. ಬ್ರೆಜಿಲ್‌ನ ಶಾಲೆಯ ಶಿಕ್ಷಕಿಗೆ ಅದರಿಂದ ಉಪಯೋಗ ಉಳಿದಿದೆಯೇ? ಉಳಿದಿದ್ದರೆ ಮುಂದೆ ಹೋಗಿ.

ಪಿ5.ಜೆಎಸ್‌ಗೆ ಇನ್ನೊಂದು ಅಳತೆಯಿದೆ. ಹೊಸ ಫೀಚರ್ ಕೇಳುವ ಇಶ್ಯೂ (ಗಿಟ್‌ಹಬ್‌ನಲ್ಲಿ ತೊಂದರೆ, ಬೇಡಿಕೆ ಬರೆದು ಚರ್ಚಿಸುವ ಪುಟ) ಫಾರ್ಮಿನಲ್ಲೇ "ಇದರಿಂದ ಪಿ5.ಜೆಎಸ್ ಇನ್ನಷ್ಟು ಜನರ ಕೈಗೆಟುಕುವುದು ಹೇಗೆ" ಎಂಬ ಪ್ರಶ್ನೆ ಇರುತ್ತದೆ. ಡಿಸ್ಕ್ರೈಬ್, ಟೆಕ್ಸ್ಟ್‌ಔಟ್‌ಪುಟ್, ಗ್ರಿಡ್‌ಔಟ್‌ಪುಟ್ ಎಂಬ ಫಂಕ್ಷನ್‌ಗಳು ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಬಂದವು. ನಿಮ್ಮ ಐಡಿಯಾಗೆ ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಇಲ್ಲದಿದ್ದರೆ ಮೆಂಟರ್ ಹತ್ತಿರ ಹೋಗುವುದು ಬೇಡ, ಇನ್ನೂ ಯೋಚಿಸಿ.

## ಹಂತ 2: ಪ್ರಪೋಸಲ್‌ಗೆ ಮೊದಲು ಒಂದು ಚಿಕ್ಕ ಕೆಲಸ

ಕೋಡನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಬಿಲ್ಡ್ ಮಾಡಿ, ಟೆಸ್ಟ್‌ಗಳನ್ನು ಓಡಿಸಿ. ಇದು ಆಗದೆ ಬರೆದ ವೇಳಾಪಟ್ಟಿಗೆ ಬೆಲೆಯಿಲ್ಲ. ಆಮೇಲೆ ಒಂದು ಸಣ್ಣ ಇಶ್ಯೂ ಹುಡುಕಿ: ದಾಖಲೆಯ ತಪ್ಪು, ಕೆಲಸ ಮಾಡದ ಉದಾಹರಣೆ, ಗೊಂದಲದ ಎರರ್ ಮೆಸೇಜ್.

ಇಲ್ಲಿ ಅವಸರದವರು ಮಾಡುವ ತಪ್ಪೊಂದಿದೆ. ಇಶ್ಯೂ ಚರ್ಚೆಯಾಗುವ ಮೊದಲೇ ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿಬಿಡುತ್ತಾರೆ. ಪಿ5.ಜೆಎಸ್‌ನಲ್ಲಿ ಮೊದಲು ಇಶ್ಯೂ, ಅದಕ್ಕೆ ಆ ವಿಭಾಗವನ್ನು ನೋಡಿಕೊಳ್ಳುವ ಸ್ಟೂವರ್ಡ್‌ಗಳ ಒಪ್ಪಿಗೆ, ಆಮೇಲೆ ಕೋಡ್. ಯಾವ ವಿಭಾಗಕ್ಕೆ ಯಾರು ಸ್ಟೂವರ್ಡ್ ಎಂಬ ಪಟ್ಟಿ ರೆಪೋದಲ್ಲೇ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಯಾರನ್ನು ಕೇಳಬೇಕೆಂದು ಗೊತ್ತಾಗುವುದು ಇದರಿಂದಲೇ.

ಹತ್ತು ಕಡೆ ಅಲ್ಪವಿರಾಮ ತಿದ್ದಿ ಹತ್ತು ಪುಲ್ ರಿಕ್ವೆಸ್ಟ್ ಕಳಿಸಬೇಡಿ. ಲೆಕ್ಕ ತುಂಬಿಸುತ್ತಿದ್ದೀರಿ ಎಂದು ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ.

## ಹಂತ 3: ಒಂದೇ ಪುಟದ ಕರಡು

ಪೂರ್ತಿ ಪ್ರಪೋಸಲ್ ಇನ್ನೂ ಬರೆಯಬೇಡಿ. ಮೆಂಟರ್‌ಗಳು ಬಹುತೇಕ ಸ್ವಯಂಸೇವಕರು. ಬೇರೆ ಉದ್ಯೋಗ ಮಾಡಿಕೊಂಡೇ ಇದನ್ನು ನೋಡುತ್ತಾರೆ. ಒಂದು ಪುಟ ಓದುತ್ತಾರೆ, ಹನ್ನೆರಡು ಪುಟವನ್ನು ಪಕ್ಕಕ್ಕಿಡುತ್ತಾರೆ. ಹನ್ನೆರಡು ಪುಟ ಬರೆದುಕೊಂಡವರಿಗೂ "ದಿಕ್ಕೇ ತಪ್ಪು" ಎಂಬ ಮಾತನ್ನು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ.

ಪುಟದಲ್ಲಿ ಇರಬೇಕಾದ್ದು, ಇದೇ ಕ್ರಮದಲ್ಲಿ:

1. ತೊಂದರೆ ಏನು, ಯಾರಿಗೆ (ಮೂರು ನಾಲ್ಕು ಸಾಲು).
2. ಈಗ ಜನ ಅದನ್ನು ಹೇಗೆ ಸಂಭಾಳಿಸುತ್ತಿದ್ದಾರೆ, ಅದು ಯಾಕೆ ಸಾಲದು.
3. ನೀವು ಮಾಡುವುದೇನು: ಯಾವ ಫೈಲು, ಯಾವ ಫಂಕ್ಷನ್, ಹೊಸದಾಗಿ ಏನು.
4. ನೀವು ಮಾಡದಿರುವುದೇನು.
5. ಗಾತ್ರ: 90, 175 ಅಥವಾ 350 ಗಂಟೆ.
6. ನಿಮಗೆ ಬಗೆಹರಿಯದ ಎರಡು ಪ್ರಶ್ನೆ.

ನಾಲ್ಕನೆಯದನ್ನು ಬಹಳ ಜನ ಬಿಡುತ್ತಾರೆ, ಮೆಂಟರ್ ಮೊದಲು ಹುಡುಕುವುದು ಅದನ್ನೇ. ಏನು ಮಾಡುವುದಿಲ್ಲ ಎಂದು ಬರೆಯಬಲ್ಲವರಿಗೆ ಕೆಲಸದ ಅಳತೆ ಸಿಕ್ಕಿದೆ ಎಂದರ್ಥ. ನಿಮ್ಮ ಪರಿಚಯ, ಸಿಜಿಪಿಎ, ಹ್ಯಾಕಥಾನ್ ಸರ್ಟಿಫಿಕೇಟು ಈ ಪುಟಕ್ಕೆ ಬೇಡ.

ಹಂಚುವಾಗ "ಲಿಂಕ್ ಇರುವ ಯಾರಾದರೂ" ಎಂದು ಆರಿಸಿ, ಹಕ್ಕನ್ನು ಕಾಮೆಂಟ್ ಮಾಡುವಷ್ಟಕ್ಕೆ ಕೊಡಿ. ಕಾಲೇಜಿನ ಇಮೇಲ್ ಖಾತೆಯಲ್ಲಿ ಡಾಕ್ಯುಮೆಂಟ್ ಮಾಡಿದರೆ ಹೊರಗಿನವರಿಗೆ ತೆರೆಯದಿರಬಹುದು. ಕಳಿಸುವ ಮುಂಚೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೀವೇ ತೆರೆದು ನೋಡಿ. "ಅನುಮತಿ ಕೇಳಿ" ಎಂಬ ಪುಟ ಕಂಡ ಮೆಂಟರ್ ಅನುಮತಿ ಕೇಳುತ್ತಾ ಕೂರುವುದಿಲ್ಲ.

## ಹಂತ 4: ಒಂದೇ ಪ್ರಶ್ನೆಗೆ ಉತ್ತರಿಸುವ ಮಾದರಿ

ಮಾದರಿ ಎಂದರೆ ಅರ್ಧ ಮಾಡಿದ ಪ್ರಾಜೆಕ್ಟ್ ಅಂದುಕೊಳ್ಳಬೇಡಿ. ತೊಂದರೆ ನಿಜ ಎಂದು ಇಪ್ಪತ್ತು ಮೂವತ್ತು ಸಾಲಿನಲ್ಲಿ ತೋರಿಸಿದರೆ ಸಾಕು.

ಕನ್ನಡಿಗರ ಕಣ್ಣಿಗೆ ಬೇಗ ಬೀಳುವ ಒಂದು ತೊಂದರೆಯನ್ನೇ ತೆಗೆದುಕೊಳ್ಳೋಣ. "ಕಲಬುರಗಿ" ಎಂಬ ಪದವನ್ನು ಕ್ಯಾನ್ವಾಸ್ ಮೇಲೆ ಒಂದೊಂದೇ ಅಕ್ಷರವಾಗಿ ಮೂಡಿಸುವ ಅನಿಮೇಷನ್ ಬರೆಯಿರಿ. ನಮ್ಮ ಲೆಕ್ಕಕ್ಕೆ ಅಕ್ಷರ ಐದು. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ 7 ಎನ್ನುತ್ತದೆ. "ಬು"ವಿನ ಕೊಂಬು, "ಗಿ"ಯ ಗುಡಿಸು ಅದಕ್ಕೆ ಬೇರೆ ಬೇರೆ. ಹಾಗಾಗಿ ಬರೀ "ಬ" ಮೂಡಿ, ಮರುಕ್ಷಣ ಕೊಂಬು ಒಂಟಿಯಾಗಿ, ಚುಕ್ಕೆಗಳ ಉಂಗುರಕ್ಕೆ ಅಂಟಿಕೊಂಡು ಬರುತ್ತದೆ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಉದ್ದ 6. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಜಾವಾಸ್ಕ್ರಿಪ್ಟ್‌ನ ಇಂಟಲ್ ಸೆಗ್‌ಮೆಂಟರ್ ಬಳಸಿದರೆ ಕಾಗುಣಿತ ಸರಿಹೋಗುತ್ತದೆ. ಒತ್ತಕ್ಷರವನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಿ ನೋಡಬೇಕು.

ಇನ್ನೂ ಆಳದ್ದು ಟೆಕ್ಸ್ಟ್‌ಟುಪಾಯಿಂಟ್ಸ್. ಅಕ್ಷರದ ಅಂಚಿನ ಬಿಂದುಗಳನ್ನು ಕೊಡುವ ಫಂಕ್ಷನ್ ಇದು. ಬರೀ ಟೆಕ್ಸ್ಟ್ ಫಂಕ್ಷನ್‌ನಲ್ಲಿ ಸಿಸ್ಟಂ ಫಾಂಟಿನಿಂದ ಕನ್ನಡ ಬರೆಸಿದರೆ ಅಕ್ಷರ ಜೋಡಿಸುವ ಕೆಲಸ ಬ್ರೌಸರಿನದು, ಅದು ಸರಿಯಾಗೇ ಬರುತ್ತದೆ. ಪಿ5.ಜೆಎಸ್ 1ರ ಸಾಲಿನ ಆವೃತ್ತಿಗಳಲ್ಲಿ ಲೋಡ್‌ಫಾಂಟ್ ಮಾಡಿ ಬಿಂದು ಕೇಳಿದರೆ ಫಾಂಟ್ ಓದುವುದು ಓಪನ್‌ಟೈಪ್.ಜೆಎಸ್ ಎಂಬ ಲೈಬ್ರರಿ. ಅದಕ್ಕೆ ನಮ್ಮ ಒತ್ತಕ್ಷರದ ನಿಯಮ ಪೂರ್ತಿ ಬರುವುದಿಲ್ಲ, "ಕ್ಷ" ಒಡೆದು "ಕ್‌ಷ" ಆಗುತ್ತದೆ. 2025ರಲ್ಲಿ ಬಂದ 2.0ರಲ್ಲಿ ಈ ಭಾಗವನ್ನು ಬದಲಿಸಿದ್ದಾರೆ. ಆದ್ದರಿಂದ ಎರಡೂ ಆವೃತ್ತಿಯಲ್ಲಿ ಓಡಿಸಿ, ಯಾವುದರಲ್ಲಿ ಏನಾಯಿತೆಂದು ಚಿತ್ರ ಸಮೇತ ಬರೆಯಿರಿ.

ಮಾದರಿ ಮಾಡುವಾಗಲೇ ಮೆಂಟರ್ ಮುಂದೆ ಕೇಳಬಹುದಾದದ್ದು ಹೊಳೆಯುತ್ತದೆ. ಹಾರ್ಫ್‌ಬಜ್ ಎಂಬ ಶೇಪಿಂಗ್ ಎಂಜಿನ್ನಿಗೆ (ಅಕ್ಷರ ಜೋಡಿಸುವ ತಂತ್ರಾಂಶ) ಬ್ರೌಸರಿನಲ್ಲಿ ಓಡುವ ರೂಪವಿದೆ, ಅದನ್ನು ಸೇರಿಸಿದರೆ ಒತ್ತಕ್ಷರ ಕೂಡುತ್ತದೆ. ಅದರಿಂದ ಲೈಬ್ರರಿಯ ಗಾತ್ರ ಎಷ್ಟು ಕೆಬಿ ಹೆಚ್ಚಾಗುತ್ತದೆ? ಇಂಗ್ಲಿಷ್ ಅಷ್ಟೇ ಬಳಸುವವರೂ ಆ ಭಾರ ಹೊರಬೇಕೇ? ಹಾಗಿದ್ದರೆ ಕೋರ್‌ಗೆ (ಮೂಲ ಲೈಬ್ರರಿಗೆ) ಹಾಕದೆ ಆಡ್‌ಆನ್ ಆಗಿ ಕೊಡುವುದು ಸರಿಯೇ? ಅಳೆದು ಸಂಖ್ಯೆ ಬರೆದಿಡಿ. ಊಹೆಯ ಉತ್ತರಕ್ಕೂ ಅಳೆದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಮೆಂಟರ್ ಒಂದೇ ಸಾಲಿನಲ್ಲಿ ಗುರುತಿಸುತ್ತಾರೆ.

ಎಚ್ಚರ: ನಿಮ್ಮ ಮಾದರಿಯಲ್ಲಿ ಪ್ರೀಲೋಡ್ ಫಂಕ್ಷನ್ ಇದ್ದು, ಪ್ರಪೋಸಲ್ 2.0ರ ಬಗ್ಗೆ ಇದ್ದರೆ ಹಳೇ ಪಾಠ ನೋಡಿ ಬರೆದಿದ್ದೀರಿ ಎಂದು ಬಯಲಾಗುತ್ತದೆ. 2.0ರಲ್ಲಿ ಅದರ ಜಾಗಕ್ಕೆ ಅಸಿಂಕ್ ಸೆಟಪ್ ಮತ್ತು ಅವೇಟ್ ಬಂದಿವೆ. ಎಐನಿಂದ ಬರೆಸಿದ ಕೋಡಿನಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಎಐ ಬಳಕೆಗೆ ಸಂಸ್ಥೆಯ ನಿಯಮವೇನು ಎಂಬುದನ್ನೂ ಮುಂಚೆಯೇ ಓದಿಕೊಳ್ಳಿ.

## ಹಂತ 5: ಕೇಳುವುದು

ಜಾಗ: ಸಂಸ್ಥೆ ಯಾವುದನ್ನು ಹೇಳಿದೆಯೋ ಅದೇ, ಸಾರ್ವಜನಿಕವಾಗಿ. ಮೆಂಟರ್‌ನ ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ಹುಡುಕಿಕೊಂಡು ಹೋಗಿ ಮೆಸೇಜ್ ಹಾಕಬೇಡಿ. ಐವರಿಗೆ ಒಂದೇ ಸಂದೇಶ ಅಂಟಿಸಿ ಕಳಿಸುವುದೂ ಬೇಡ, ಅವರವರು ಮಾತಾಡಿಕೊಳ್ಳುತ್ತಾರೆ.

ಮರ್ಯಾದೆಯ ಮಾತು: ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ. ಓಪನ್ ಸೋರ್ಸ್‌ನಲ್ಲಿ ಹೆಸರು ಹೇಳುವುದೇ ರೂಢಿ. "ರೆಸ್ಪೆಕ್ಟೆಡ್ ಸರ್" ಎಂದು ಬರೆದು ಅತ್ತ ಕಡೆ ಇರುವವರು ಮಹಿಳೆಯಾದರೆ ಮುಜುಗರ ಬೇರೆ. ಕ್ಷಮೆ ಕೇಳುವುದು, "ನಾನು ಹಳ್ಳಿಯಿಂದ ಬಂದವನು, ಅವಕಾಶ ಕೊಡಿ" ಎನ್ನುವುದು ಬಿಡಿ. ಅದರಿಂದ ಪ್ರಪೋಸಲ್‌ಗೆ ಏನೂ ಸೇರುವುದಿಲ್ಲ.

ಸಂದೇಶ ಇಂಗ್ಲಿಷಿನಲ್ಲೇ ಹೋಗುತ್ತದೆ, ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಹುರುಳು ಹೀಗಿರಲಿ:

"ನಮಸ್ಕಾರ. ನಾನು ಯಾದಗಿರಿಯ ವಿದ್ಯಾರ್ಥಿನಿ. ಎರರ್ ಮೆಸೇಜ್ ಕುರಿತ ಇಶ್ಯೂಗೆ ಪುಲ್ ರಿಕ್ವೆಸ್ಟ್ ಕಳಿಸಿದ್ದೆ, ಲಿಂಕ್ ಇಲ್ಲಿದೆ. ಟೆಕ್ಸ್ಟ್‌ಟುಪಾಯಿಂಟ್ಸ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತದೆ. ಬ್ರೌಸರಿನಲ್ಲೇ ನೋಡಬಹುದಾದ ಮಾದರಿ ಇದು. ಒಂದು ಪುಟದ ಕರಡು ಇದು. ಎರಡು ಪ್ರಶ್ನೆ. ಒಂದು: ಶೇಪಿಂಗ್ ಎಂಜಿನ್ ಆಡ್‌ಆನ್ ಆಗಿ ಬಂದರೆ ಸಾಕೇ, ಕೋರ್‌ನಲ್ಲೇ ಬಗೆಹರಿಯಬೇಕೇ? ಎರಡು: 175 ಗಂಟೆಗೆ ಕನ್ನಡ, ತೆಲುಗು ಎರಡನ್ನೂ ಇಟ್ಟುಕೊಂಡಿದ್ದೇನೆ; ಕನ್ನಡಕ್ಕಷ್ಟೇ ಇಳಿಸಲೇ? ಸಮಯ ಕಡಿಮೆಯಿದ್ದರೆ ಮೂರನೇ ಭಾಗ ಓದಿದರೆ ಸಾಕು."

"ನನ್ನ ಐಡಿಯಾ ಹೇಗಿದೆ?" ಎಂಬ ಪ್ರಶ್ನೆಗೆ ಸಿಗುವುದು "ಚೆನ್ನಾಗಿದೆ" ಮಾತ್ರ. ಎರಡು ದಾರಿ ಮುಂದಿಟ್ಟು ಯಾವುದು ಎಂದು ಕೇಳಿದರೆ ಕಾರಣ ಸಮೇತ ಉತ್ತರ ಬರುತ್ತದೆ, ಕೆಲವೊಮ್ಮೆ ನಿಮಗೆ ತೋಚದ ಮೂರನೇ ದಾರಿಯೂ.

ಹೊತ್ತು: ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಮೇಲೆ ನ್ಯೂಯಾರ್ಕ್‌ನ ಬೆಳಗಿನ 10 ಅಂದರೆ ನಮ್ಮ ಸಂಜೆ 7:30. ಮುಂಜಾನೆ ಸಂದೇಶ ಹಾಕಿ ಮಧ್ಯಾಹ್ನದೊಳಗೆ ಉತ್ತರ ಇಲ್ಲವೆಂದು ಚಡಪಡಿಸಬೇಡಿ, ಅವರಿಗೆ ಆಗ ನಡುರಾತ್ರಿ.

ಉತ್ತರ ಬರದಿದ್ದರೆ ಒಂದು ವಾರ ಕಾಯಿರಿ. ಆಮೇಲೆ ಅದೇ ಸಂದೇಶದ ಕೆಳಗೆ ಒಂದೇ ಒಂದು ನೆನಪೋಲೆ; ಅದರಲ್ಲೂ ಹೊಸದೇನಾದರೂ ಇರಲಿ, ಉದಾಹರಣೆಗೆ "2.0ರಲ್ಲೂ ಪರೀಕ್ಷಿಸಿದೆ, ಫಲಿತಾಂಶ ಇಲ್ಲಿದೆ". ಆಗಲೂ ಮೌನವಾದರೆ ಆ ಐಡಿಯಾ ಅವರ ಆದ್ಯತೆಯಲ್ಲಿ ಇಲ್ಲದಿರಬಹುದು. ಸಂಸ್ಥೆಯ ಐಡಿಯಾ ಪಟ್ಟಿಯನ್ನು ಮತ್ತೆ ನೋಡಿ. ಒಬ್ಬರು ಮೂರು ಪ್ರಪೋಸಲ್‌ವರೆಗೆ ಸಲ್ಲಿಸಬಹುದು. ಆದರೂ ಎರಡಕ್ಕಿಂತ ಹೆಚ್ಚು ಹಿಡಿದವರು ಯಾವುದಕ್ಕೂ ನ್ಯಾಯ ಒದಗಿಸಿದ್ದು ಅಪರೂಪ.

## ಹಂತ 6: ಬಂದ ಅಭಿಪ್ರಾಯವನ್ನು ಬಳಸುವುದು

ಶೀಟಿನಲ್ಲಿ ನಾಲ್ಕು ಕಾಲಂ: ಯಾರು ಹೇಳಿದರು, ಏನು ಹೇಳಿದರು, ಏನು ಬದಲಿಸಿದೆ, ಬದಲಿಸದಿದ್ದರೆ ಯಾಕೆ. ಕಾಮೆಂಟ್‌ಗಳನ್ನು ಸುಮ್ಮನೆ "ರಿಸಾಲ್ವ್" ಒತ್ತಿ ಮರೆಮಾಡಬೇಡಿ. ಪ್ರತಿಯೊಂದರ ಕೆಳಗೆ ಏನು ಮಾಡಿದಿರಿ ಎಂದು ಒಂದು ಸಾಲು ಬರೆದು ಆಮೇಲೆ ಮುಚ್ಚಿ. ತಮ್ಮ ಮಾತು ಎಲ್ಲಿ ಹೋಯಿತೆಂದು ಕಂಡ ಮೆಂಟರ್ ಎರಡನೇ ಸಲವೂ ಓದುತ್ತಾರೆ.

ಅವರ ಮಾತಿನ ತೂಕ ತಿಳಿಯುವುದೂ ಒಂದು ಕಲೆ. "ಇದು ಆಸಕ್ತಿಕರ, ಆದರೆ ವ್ಯಾಪ್ತಿ ದೊಡ್ಡದಿರಬಹುದೇನೋ" ಎಂದು ಬಂದರೆ ಅದು ಸಲಹೆಯಂತೆ ಕಂಡರೂ ಸ್ಪಷ್ಟ ಎಚ್ಚರಿಕೆ, ಅರ್ಧಕ್ಕೆ ಇಳಿಸಿ. "ಇದನ್ನು ಹೇಗೆ ಟೆಸ್ಟ್ ಮಾಡುತ್ತೀರಿ?" ಎಂದರೆ ಪ್ರಪೋಸಲ್‌ನಲ್ಲಿ ಟೆಸ್ಟ್ ಬಗ್ಗೆ ಏನೂ ಇಲ್ಲ ಎಂದರ್ಥ. "ಈ ಹಳೇ ಇಶ್ಯೂ ನೋಡಿದ್ದೀರಾ?" ಎಂದರೆ ನೀವು ನೋಡಿಲ್ಲವೆಂದು ಅವರಿಗೆ ಗೊತ್ತಾಗಿದೆ. ಆ ಇಶ್ಯೂವನ್ನು ಕೊನೆಯ ಕಾಮೆಂಟ್‌ವರೆಗೆ ಓದಿ, ಹಿಂದೆ ಯಾಕೆ ನಿಂತಿತು ಎಂದು ಪ್ರಪೋಸಲ್‌ನಲ್ಲೇ ಎರಡು ಸಾಲು ಸೇರಿಸಿ.

ಒಪ್ಪಿಗೆಯಾಗದಿದ್ದರೆ ಹಾಗೆಂದು ಬರೆಯಬಹುದು, ಬರೆಯಲೇಬೇಕು. "ಆಯ್ತು ಸರ್" ಎಂದು ಎಲ್ಲಕ್ಕೂ ತಲೆಯಾಡಿಸಿ ಬರೆದ ಪ್ರಪೋಸಲ್ ನಿಮ್ಮದಾಗಿ ಉಳಿಯುವುದಿಲ್ಲ, ಮುಂದೆ ಕೆಲಸ ಮಾಡುವಾಗ ಸಿಕ್ಕಿಬೀಳುತ್ತೀರಿ. ಅಳತೆ, ಮಾದರಿ ತೋರಿಸಿ ಭಿನ್ನಾಭಿಪ್ರಾಯ ಹೇಳಿ. ಇಬ್ಬರು ಮೆಂಟರ್‌ಗಳು ಎದುರುಬದುರು ಸಲಹೆ ಕೊಟ್ಟರೆ ನೀವೇ ಒಬ್ಬರ ಕಡೆ ವಾಲದೆ ಒಂದೇ ಎಳೆಯಲ್ಲಿ ಇಬ್ಬರನ್ನೂ ಹೆಸರಿಸಿ ಕೇಳಿ.

## ಹಂತ 7: ವೇಳಾಪಟ್ಟಿ

90 ಗಂಟೆಯ ಕೆಲಸಕ್ಕೆ ಸಾಮಾನ್ಯವಾಗಿ 8 ವಾರ, 175 ಮತ್ತು 350ಕ್ಕೆ 12 ವಾರ. ಅಂದರೆ 175ಕ್ಕೆ ವಾರಕ್ಕೆ ಸುಮಾರು 15 ಗಂಟೆ, 350ಕ್ಕೆ 29. ಸೆಮಿಸ್ಟರ್ ಪರೀಕ್ಷೆ ಈ ನಡುವೆ ಬಂದರೆ ಮುಚ್ಚಿಡದೆ ಆ ವಾರಗಳನ್ನು ಪಟ್ಟಿಯಲ್ಲೇ ಖಾಲಿ ಬಿಡಿ. ಪರೀಕ್ಷೆಯ ವಾರದಲ್ಲೂ 30 ಗಂಟೆ ಎಂದು ಬರೆದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ದಾಖಲೆ ಬರೆಯುವುದು, ಟೆಸ್ಟ್ ಬರೆಯುವುದನ್ನು ಕೊನೇ ವಾರಕ್ಕೆ ತಳ್ಳಬೇಡಿ. ಪ್ರತಿ ಭಾಗದ ಜೊತೆಗೇ ಇರಲಿ. ಪುಲ್ ರಿಕ್ವೆಸ್ಟ್ ಪರಿಶೀಲನೆಗೆ ದಿನಗಟ್ಟಲೆ ಹಿಡಿಯುತ್ತದೆ, ಅದಕ್ಕೂ ಜಾಗ ಬಿಡಿ.

## ಹಂತ 8: ದಿನಾಂಕದ ಲೆಕ್ಕ ಮತ್ತು ಸಲ್ಲಿಕೆ

ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಫೆಬ್ರವರಿಯ ಎರಡನೇ ಅರ್ಧದಲ್ಲಿ ಬರುತ್ತದೆ. ಅರ್ಜಿ ಕಿಟಕಿ ಮಾರ್ಚ್ ಮಧ್ಯದ ನಂತರ ತೆರೆದು ಸುಮಾರು ಎರಡು ವಾರ ಇರುತ್ತದೆ. ಶರಣಬಸವೇಶ್ವರ ಜಾತ್ರೆ, ಯುಗಾದಿ ಎಲ್ಲ ಇದರ ಆಸುಪಾಸೇ ಬೀಳುತ್ತವೆ. ಗಡುವಿನಿಂದ ಹಿಂದಕ್ಕೆ ಎಣಿಸಿ: ಒಂದು ಪುಟದ ಕರಡು ಐದು ವಾರ ಮೊದಲು, ಮಾದರಿ ನಾಲ್ಕು ವಾರ ಮೊದಲು, ಪೂರ್ತಿ ಕರಡು ಎರಡು ವಾರ ಮೊದಲು ಮೆಂಟರ್ ಮುಂದಿರಬೇಕು. ಕೊನೇ ವಾರದಲ್ಲಿ ಮೆಂಟರ್‌ಗಳ ಮುಂದೆ ಕರಡುಗಳ ರಾಶಿ ಬಿದ್ದಿರುತ್ತದೆ.

ಗಡುವು 18:00 ಯುಟಿಸಿ, ನಮ್ಮ ರಾತ್ರಿ 11:30. ಪಿಡಿಎಫ್ ಆಗಿ ಏರಿಸಬೇಕು. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗಾಗಿ ಮೂರು ದಿನ ಮೊದಲೇ ಒಂದು ಪ್ರತಿ ಏರಿಸಿಬಿಡಿ, ತಿದ್ದಿದಂತೆಲ್ಲ ಹೊಸದು ಹಾಕಿ. ಪಿಡಿಎಫ್ ಮಾಡಿದ ಮೇಲೆ ಅದರೊಳಗಿನ ಕನ್ನಡ ಅಕ್ಷರ, ಲಿಂಕ್, ಚಿತ್ರ ಸರಿಯಾಗಿವೆಯೇ ಎಂದು ಮೊಬೈಲ್‌ನಲ್ಲೂ ತೆರೆದು ನೋಡಿ. ನೋಂದಣಿಗೆ 18 ವರ್ಷ ತುಂಬಿರಬೇಕು.

## ಈ ಲಕ್ಷಣ ಕಂಡರೆ ನಿಲ್ಲಿ

- ಮೆಂಟರ್ ಎರಡು ಸಲ ಒಂದೇ ಪ್ರಶ್ನೆ ಕೇಳಿದ್ದಾರೆ. ಮೊದಲ ಉತ್ತರ ಅವರಿಗೆ ತಲುಪಿಲ್ಲ. ಮಾತು ಬಿಟ್ಟು ಚಿತ್ರ ಬಿಡಿಸಿ ತೋರಿಸಿ.
- ಪ್ರತಿ ಕರಡಿಗೂ ಪ್ರಪೋಸಲ್ ಉದ್ದವಾಗುತ್ತಿದೆ. ಒಳ್ಳೆಯ ಅಭಿಪ್ರಾಯ ಬಂದ ಪ್ರಪೋಸಲ್ ಸಾಮಾನ್ಯವಾಗಿ ಚಿಕ್ಕದಾಗುತ್ತದೆ.
- "ಎಐ", "ಬ್ಲಾಕ್‌ಚೈನ್" ಸೇರಿಸಿದರೆ ತೂಕ ಬರುತ್ತದೆಂದು ಯಾರೋ ಸೀನಿಯರ್ ಅಣ್ಣ ಹೇಳಿದ್ದಾರೆ. ಸೇರಿಸಬೇಡಿ.
- ಹಿಂದಿನ ವರ್ಷ ಆಯ್ಕೆಯಾದವರ ಪ್ರಪೋಸಲ್‌ನ ವಾಕ್ಯಗಳು ನಿಮ್ಮದರಲ್ಲಿವೆ. ಅದನ್ನು ಓದಿ ಆಯ್ಕೆ ಮಾಡಿದವರೇ ನಿಮ್ಮದನ್ನೂ ಓದುತ್ತಾರೆ.
- ಮೆಂಟರ್ ಹೊಗಳಿದ್ದಾರೆ, ನೀವು ಆಯ್ಕೆ ಖಚಿತ ಎಂದು ತಿಳಿದಿದ್ದೀರಿ. ಸಂಸ್ಥೆಗೆ ಎಷ್ಟು ಸ್ಥಾನ ಎಂಬುದನ್ನು ನಿಗದಿ ಮಾಡುವುದು ಗೂಗಲ್. ಮೆಂಟರ್ ಮಾತು ಕೊಡಲಾರರು.

ಸಲ್ಲಿಸಿದ ಮೇಲೆ ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು. ಆ ತಿಂಗಳು "ಏನಾಯಿತು" ಎಂದು ಕೇಳಬೇಡಿ, ನಿಯಮದ ಪ್ರಕಾರ ಅವರು ಹೇಳುವಂತಿಲ್ಲ. ತೆರೆದಿಟ್ಟ ಇಶ್ಯೂಗಳ ಕೆಲಸ ಮುಂದುವರಿಸಿ. ಆಯ್ಕೆಯಾಗದಿದ್ದರೆ ಫಲಿತಾಂಶ ಬಂದ ಒಂದು ವಾರದ ಮೇಲೆ ಮೆಂಟರ್‌ಗೆ ಒಂದೇ ಪ್ರಶ್ನೆ ಕಳಿಸಿ: "ಈ ಕೆಲಸದ ಯಾವ ಭಾಗವನ್ನು ನಾನು ಈಗಲೂ ಪುಲ್ ರಿಕ್ವೆಸ್ಟ್ ಆಗಿ ಕಳಿಸಬಹುದು?"